ಹವಾಯಿಯನ್ ಗಿಟಾರಿಗೆ ಅದರ ಕಾಲದ ಬಿಡಿಭಾಗಗಳು

ಪ್ರಶ್ನೆ: ನಮ್ಮ ತಂದೆಯವರು ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸದಲ್ಲಿದ್ದಾಗ, ಊರು ಬಿಟ್ಟು ಹೊರಟಿದ್ದ ನೆರೆಯ ಆಂಗ್ಲೋ ಇಂಡಿಯನ್ ಕುಟುಂಬದಿಂದ ಫೆಂಡರ್ ಚಾಂಪಿಯನ್ ಎಂಬ ಹವಾಯಿಯನ್ ಗಿಟಾರನ್ನು ಕೊಂಡಿದ್ದರು. ತೊಡೆಯ ಮೇಲಿಟ್ಟು ಉಕ್ಕಿನ ತುಂಡಿನಿಂದ ನುಡಿಸುವ ಲ್ಯಾಪ್ ಸ್ಟೀಲ್ ಅದು. ಈಗ ಬಿಚ್ಚಿ ನೋಡಿದರೆ, ಧ್ವನಿಯ ತೀಕ್ಷ್ಣತೆಯನ್ನು ಹೊಂದಿಸುವ ಟೋನ್ ಕಂಟ್ರೋಲಿನ ಬೆನ್ನಿನ ಮೇಲೆ 304 238 ಎಂಬ ಅಂಕಿಗಳಿವೆ; ತಿರುಗಿಸಿದರೆ ಗರಗರ ಸದ್ದು ಬರುತ್ತದೆ. ವಾಲ್ಯೂಮ್ ಕಂಟ್ರೋಲನ್ನು ಯಾರೋ ಬದಲಿಸಿದ್ದು, ಅದರ ಗುಂಡಿ ಅಲ್ಲಾಡುತ್ತದೆ. ಟೋನ್ ಕಂಟ್ರೋಲಿಗೆ ಬೆಸೆದ, ಮೇಣ ಬಿರುಕು ಬಿಟ್ಟ ಕಂಡೆನ್ಸರಿನ (ಕೆಪಾಸಿಟರ್) ಮೇಲೆ .05 ಎಂದಷ್ಟೇ ಓದಲಾಗುತ್ತದೆ. ಆ ಕಾಲದ್ದೇ ಭಾಗಗಳನ್ನು ಎಲ್ಲಿ ಹುಡುಕಲಿ?
– ಓದುಗರೊಬ್ಬರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ನಿಮ್ಮ ಕೈಯಲ್ಲಿರುವ ಆ ಆರು ಅಂಕಿಗಳೇ ಅರ್ಧ ಉತ್ತರವನ್ನು ಹೇಳುತ್ತವೆ. ಅಮೆರಿಕದ ಕಂಟ್ರೋಲುಗಳ ಮೇಲೆ ಮೊದಲ ಮೂರು ಅಂಕಿ ತಯಾರಕರ ಗುರುತು. 304 ಎಂದರೆ ಸ್ಟ್ಯಾಕ್‌ಪೋಲ್, 137 ಎಂದಿದ್ದರೆ ಸಿಟಿಎಸ್. ಮುಂದಿನ 2 ವರ್ಷದ ಕೊನೆಯ ಅಂಕಿ, 38 ವಾರದ ಸಂಖ್ಯೆ. ಫೆಂಡರ್ ಕಂಪನಿ ಆರಂಭವಾದದ್ದೇ 1946ರಲ್ಲಿ, ಚಾಂಪಿಯನ್ ಮಾದರಿ ನಿಂತದ್ದು 1950ರ ದಶಕದ ನಡುವೆ. ಆದ್ದರಿಂದ ಇದು 1942 ಅಥವಾ 1962 ಆಗಲಾರದೆ, 1952ರ ಸೆಪ್ಟೆಂಬರ್ ಎಂದೇ ಆಗುತ್ತದೆ. ಆದರೆ ಅದು ಕಂಟ್ರೋಲು ತಯಾರಾದ ದಿನ. ಗಿಟಾರು ಅದಕ್ಕಿಂತ ಕೆಲವು ತಿಂಗಳು ಈಚಿನದಾಗಿರಬಹುದು.

ಇಷ್ಟು ಖಚಿತ ಗುರುತುಳ್ಳ ಭಾಗವನ್ನು ದಯವಿಟ್ಟು ಕಿತ್ತುಹಾಕಬೇಡಿ. ಗರಗರ ಸದ್ದು ಬಹುಪಾಲು ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಕುಳಿತ ಕೊಳೆಯದ್ದು. ಕಾಂಟ್ಯಾಕ್ಟ್ ಕ್ಲೀನರನ್ನು ಒಂದೆರಡು ಹನಿ ಬಿಟ್ಟು ನಲವತ್ತು ಐವತ್ತು ಸಲ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಸೀಮೆಎಣ್ಣೆಯನ್ನಾಗಲಿ ಕೊಬ್ಬರಿ ಎಣ್ಣೆಯನ್ನಾಗಲಿ ಹಾಕಬಾರದು.

ನಿಜವಾಗಿ ಹುಡುಕಬೇಕಾದದ್ದು ವಾಲ್ಯೂಮ್ ಕಂಟ್ರೋಲು. ಅದರ ಗುಂಡಿ ಏಕೆ ಅಲ್ಲಾಡುತ್ತದೆ ಎಂಬುದನ್ನು ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿ. ಮೂಲ ಕಂಟ್ರೋಲಿನ ದಂಡ ಕಾಲು ಇಂಚು, ಅಂದರೆ 6.35 ಮಿ.ಮೀ. ಇರುತ್ತದೆ, ಈಗ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ 6 ಮಿ.ಮೀ. ದಂಡದ್ದು. ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುವ ಆ ಅಂತರದಿಂದಾಗಿ, ಗುಂಡಿಯ ತಿರುಪನ್ನು ಬಿಗಿದಾಗ ಅದು ದಂಡವನ್ನು ಒಂದು ಪಕ್ಕಕ್ಕೆ ಒತ್ತುತ್ತದೆ, ಗುಂಡಿ ಓರೆಯಾಗಿ ಸುತ್ತುತ್ತದೆ. ಕೋಲಾರದಲ್ಲೋ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಕೇಳುವಾಗ ಮೊದಲು ಈ ಅಳತೆಯನ್ನೇ ಹೇಳಿ. ರೋಧದ ಅಳತೆಯ ವಿಷಯಕ್ಕೆ ಬಂದರೆ, ಈ ಬಗೆಯ ಪಿಕಪ್‌ಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ರೂಢಿಯಲ್ಲಿರುವುದು 250 ಕಿಲೋ ಓಮ್, ಲಾಗ್ ಬಗೆಯದು, ಅಂದರೆ ಕಿವಿಗೆ ಧ್ವನಿ ಸಮವಾಗಿ ಏರುವಂತೆ ಮಾಡಿದ್ದು; ಆದರೂ ಉಳಿದಿರುವ ಟೋನ್ ಕಂಟ್ರೋಲನ್ನು ಮೀಟರಿಗೆ ಹಚ್ಚಿ ತಾಳೆ ನೋಡಿಕೊಳ್ಳಿ. ಅಂದಿನ ಕಂಟ್ರೋಲುಗಳಲ್ಲಿ ಶೇಕಡ 20ರಷ್ಟು ಏರುಪೇರು ಸಹಜವಾಗಿತ್ತಾದ್ದರಿಂದ 200ರಿಂದ 300ರವರೆಗೆ ತೋರಿಸಿದರೆ ಗಾಬರಿ ಬೇಡ. 304 ಗುರುತಿನದ್ದೇ ಬೇಕೆಂದರೆ ಹೊರದೇಶದ ಮಾರಾಟಗಾರರಿಂದ ತರಿಸಬೇಕು. ಹಣ ಕಳಿಸುವ ಮುನ್ನ ಅಂಕಿಗಳ ಸ್ಪಷ್ಟ ಚಿತ್ರವನ್ನೂ ಎರಡು ತುದಿಗಳ ನಡುವೆ ಅಳೆದ ಓಮನ್ನೂ ಕೇಳಿ ಪಡೆಯಿರಿ.

ಕಂಡೆನ್ಸರಿನ ಮಟ್ಟಿಗೆ ನಿಮ್ಮ ಊರಿನಲ್ಲೇ ದಾರಿಯಿದೆ. ಹಳೆಯ ರೇಡಿಯೋ ರಿಪೇರಿಯವರ ಅಟ್ಟದಲ್ಲಿರುವ ಮರ್ಫಿ, ಫಿಲಿಪ್ಸ್ ವಾಲ್ವ್ ಸೆಟ್ಟುಗಳಲ್ಲಿ .05 ಮೈಕ್ರೋಫ್ಯಾರಡಿನ ಕಾಗದದ ಕಂಡೆನ್ಸರುಗಳು ಸಿಗುತ್ತವೆ. ಅವು ಕಾಲಕ್ಕೆ ಹೊಂದುತ್ತವೆ, ಆದರೆ ಫೆಂಡರ್ ಕಾರ್ಖಾನೆಯಲ್ಲಿ ಹಾಕಿದ ಜಾತಿಯವಲ್ಲ. ಮುಂದೆ ಗಿಟಾರನ್ನು ಯಾರಿಗಾದರೂ ಕೊಡುವುದಾದರೆ ಈ ವ್ಯತ್ಯಾಸವನ್ನು ಬರೆದೇ ಕೊಡಬೇಕು. ಕಾಗದದ ಕಂಡೆನ್ಸರು ತೇವ ಹೀರಿ ಸೋರತೊಡಗುವುದರಿಂದ ಮೀಟರು ಹೆಚ್ಚಿನ ಅಂಕಿ ತೋರಿಸುತ್ತದೆ; .05ರದ್ದು .08 ಎಂದು ತೋರಿಸಿದರೆ ಬಿಟ್ಟುಬಿಡಿ. ಪಿಕಪ್ಪಿನಿಂದ ಬರುವುದು ಒಂದೆರಡು ವೋಲ್ಟಿಗೆ ಮೀರದ ಸಂಕೇತವಾದ್ದರಿಂದ 400 ವೋಲ್ಟಿನದೇ, 600 ವೋಲ್ಟಿನದೇ ಆಗಬೇಕೆಂದಿಲ್ಲ. ಟೋನ್ ಗುಂಡಿಯನ್ನು ಪೂರ್ತಿ ತೆರೆದು ನುಡಿಸುವಾಗ ಕಂಡೆನ್ಸರಿನ ವಯಸ್ಸು ಕಿವಿಗೆ ಕೇಳುವುದೂ ಕಷ್ಟ. ಒಳ್ಳೆಯದು ಸಿಗುವವರೆಗೆ .05ಕ್ಕೆ ತೀರ ಹತ್ತಿರದ .047ರ ಹೊಸ ಫಿಲ್ಮ್ ಕಂಡೆನ್ಸರು ಹಾಕಿ ನುಡಿಸುತ್ತಿರಿ ಎಂಬುದೇ ನನ್ನ ಸಲಹೆ. ವಾದ್ಯ ಮೂಕವಾಗಿ ಕಾಯುವುದು ಬೇಡ.

ಎಚ್ಚರಿಕೆಯ ಮಾತೊಂದಿದೆ. ವಾಲ್ವ್ ರೇಡಿಯೋದ ದೊಡ್ಡ ಫಿಲ್ಟರ್ ಕಂಡೆನ್ಸರಿನಲ್ಲಿ ಪ್ಲಗ್ ಕಿತ್ತ ಮೇಲೂ ಇನ್ನೂರಕ್ಕೂ ಹೆಚ್ಚು ವೋಲ್ಟ್ ಉಳಿದಿರಬಹುದು. ಭಾಗ ಬಿಚ್ಚುವ ಕೆಲಸವನ್ನು ಆ ರಿಪೇರಿಯವರಿಂದಲೇ ಮಾಡಿಸಿ.

ಪಿಕಪ್ಪಿನ ತಂತಿ ತಲೆಗೂದಲಿಗಿಂತ ಸಣ್ಣದು. ಧ್ವನಿ ಬರುತ್ತಿದ್ದರೆ ಅದನ್ನು ಬಿಚ್ಚುವ ಅಗತ್ಯವಿಲ್ಲ. ಹೊರತೆಗೆದ ಹಳೆಯ ಕಂಡೆನ್ಸರನ್ನು ಒಂದು ಲಕೋಟೆಯಲ್ಲಿ ಹಾಕಿ, ಯಾವ ಕಾಲಿನಿಂದ ಯಾವ ಕಾಲಿಗೆ ಬೆಸೆದಿತ್ತು ಎಂಬ ಚಿತ್ರ ಬರೆದು, ಗಿಟಾರಿನ ಪೆಟ್ಟಿಗೆಯಲ್ಲೇ ಇಡಿ.