ಸಂಪಾದಕರ ಉತ್ತರ: ಚಪಲ್ ಕರಾಚಿಗೆ ಹೋದದ್ದಲ್ಲ

ಹುಬ್ಬಳ್ಳಿ ಸಮೀಪದ ಪ್ರೌಢಶಾಲೆಯೊಂದರ ಶಿಕ್ಷಕರು ಬರೆಯುತ್ತಾರೆ: ‘ನಿಮ್ಮ ಪ್ರವಾಸ ವಿಶೇಷಾಂಕದಲ್ಲಿ ಕಾರವಾರದ ಕಡಲತೀರದಲ್ಲಿರುವ ಯುದ್ಧನೌಕೆಯನ್ನು 1971ರಲ್ಲಿ ಕರಾಚಿಗೆ ಬೆಂಕಿಯಿಟ್ಟ ಹಡಗು ಎಂದು ಬರೆದಿದ್ದಿರಿ. ಅದನ್ನು ನಂಬಿ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ದೆ. ಹಡಗಿನ ಮೇಲೆ ನಿಂತು ಕರಾಚಿಯ ಕಥೆ ಹೇಳುತ್ತಿದ್ದಾಗ ಎಂಟನೆಯ ತರಗತಿಯ ಹುಡುಗನೊಬ್ಬ, ಇದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ ಅಲ್ಲವೇ ಸಾರ್ ಎಂದುಬಿಟ್ಟ. ಯಾವುದು ನಿಜ? ಆ ಯುದ್ಧವನ್ನೇ ಕಾಣದ ಹಡಗಾದರೆ ಮಕ್ಕಳಿಗೆ ಅದರಲ್ಲಿ ತೋರಿಸುವುದೇನಿದೆ?’

ಮೇಷ್ಟ್ರೇ, ಹುಡುಗ ಹೇಳಿದ್ದೇ ಸರಿ. ಆ ಲೇಖನವನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನೇ ಆದ್ದರಿಂದ ಲೇಖಕರ ತಲೆಗೆ ಕಟ್ಟಿ ಪಾರಾಗುವ ದಾರಿಯೂ ಇಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ ಆ ಹಡಗಿನೊಳಗೆ ನಾನೂ ಒಮ್ಮೆ ಇಳಿದು ಬಂದಿದ್ದೇನೆ. ಗಿಡ್ಡ ಬಾಗಿಲಿಗೆ ಹಣೆ ಬಡಿಸಿಕೊಂಡದ್ದು ಚೆನ್ನಾಗಿ ನೆನಪಿದೆ. 76ರಲ್ಲಿ 71 ಕಳೆಯಬೇಕೆಂಬುದು ಮಾತ್ರ ಹೊಳೆಯಲಿಲ್ಲ.

ಮೊದಲು ಹೆಸರಿನ ವಿಷಯ. ಅದು ಚಪಲ್, ಅಂದರೆ ಚುರುಕಿನದು. ನಮ್ಮಲ್ಲಿ ಚಪಲವೆಂದರೆ ಬಾಯಿಚಪಲವೇ ನೆನಪಾಗುವುದರಿಂದಲೋ ಏನೋ, ಪತ್ರಿಕೆಗಳು ‘ಚಾಪೆಲ್’ ಎಂದು ಬರೆದು ಹಡಗನ್ನು ಇಗರ್ಜಿ ಮಾಡಿಬಿಟ್ಟಿವೆ. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಕ್ಷಿಪಣಿ ದೋಣಿ ಇದು. ಈ ಜಾತಿಯ ದೋಣಿಗಳಿಗೆ ‘ಓಸಾ’ ಎಂದು ಹೆಸರು. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ಕಣಜದ ಹುಳ. 1976ರ ನವೆಂಬರಿನಲ್ಲಿ ಸೇವೆಗೆ ಸೇರಿ 2005ರಲ್ಲಿ ನಿವೃತ್ತಿಯಾಯಿತು. ಮರುವರ್ಷ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನೆಲೆಯೂರಿತು.

ಇನ್ನೊಮ್ಮೆ ಹೋದಾಗ ಇಸವಿಯನ್ನು ಯಾರನ್ನೂ ಕೇಳಬೇಕಾಗಿಲ್ಲ. ಹಡಗನ್ನೇ ಕೇಳಬಹುದು. ಎರಡೂ ಮಗ್ಗುಲಲ್ಲಿ ಎರಡೆರಡರಂತೆ ಇರುವ ನಾಲ್ಕು ಕ್ಷಿಪಣಿ ಗೂಡುಗಳನ್ನು ಮಕ್ಕಳಿಗೆ ತೋರಿಸಿ. ಅವು ದಪ್ಪ ಕೊಳವೆಯಂತೆ ದುಂಡಗಿವೆ. 1971ರ ದೋಣಿಗಳಲ್ಲಿ ಇದ್ದವು ದೊಡ್ಡ ಪೆಟ್ಟಿಗೆಯಾಕಾರದ ಗೂಡುಗಳು. ಆಗಿನ ಕ್ಷಿಪಣಿಯ ರೆಕ್ಕೆಗಳು ಮಡಚುತ್ತಿರಲಿಲ್ಲ. ಕೊಡೆ ಬಿಚ್ಚಿಕೊಂಡೇ ಬಸ್ ಹತ್ತುವವನ ಹಾಗೆ ಅದಕ್ಕೆ ಜಾಗ ಹೆಚ್ಚು ಬೇಕಿತ್ತು. ಮುಂದೆ ರೆಕ್ಕೆ ಮಡಚುವ ಕ್ಷಿಪಣಿ ಬಂತು, ಗೂಡು ದುಂಡಗಾಯಿತು. ಅಂದರೆ ತಾನು ಎರಡನೆಯ ತಲೆಮಾರಿನದು ಎಂಬುದನ್ನು ಚಪಲ್ ಹೆಗಲ ಮೇಲೆಯೇ ಹೊತ್ತು ನಿಂತಿದೆ. ನಾವು ನೋಡಲಿಲ್ಲ, ಅಷ್ಟೇ.

ಕರಾಚಿಗೆ ಹೋದದ್ದು ಅದರ ಅಣ್ಣಂದಿರು. ಮೊದಲ ತಲೆಮಾರಿನ ಎಂಟು ದೋಣಿಗಳು ಭಾರತಕ್ಕೆ ಬಂದು ತಲುಪಿದ್ದೇ 1971ರಲ್ಲಿ. ಅವುಗಳ ನಾವಿಕರು ವ್ಲಾಡಿವೊಸ್ಟಾಕ್‌ನ ಚಳಿಯಲ್ಲಿ ರಷ್ಯನ್ ಕಲಿತು ತರಬೇತಿ ಪಡೆದು ಬಂದಿದ್ದರು. ಅಷ್ಟು ಭಾರ ಎತ್ತುವ ಕ್ರೇನ್ ಮುಂಬಯಿಯಲ್ಲಿ ಇರಲಿಲ್ಲವಾದ್ದರಿಂದ ದೋಣಿಗಳನ್ನು ಕೋಲ್ಕತ್ತದಲ್ಲಿ ಇಳಿಸಿ, ಹಗ್ಗ ಕಟ್ಟಿ ಎಳೆದುಕೊಂಡು ದಕ್ಷಿಣದ ತುದಿ ಸುತ್ತಿ ಮುಂಬಯಿಗೆ ತಂದರು. ಬಂದರು ಕಾಯಲೆಂದು ಕೊಂಡ ದೋಣಿಗಳವು. ಹೀಗೆ ದೂರ ಎಳೆದು ತಂದ ಅನುಭವವೇ, ಅವುಗಳನ್ನು ಶತ್ರುವಿನ ಬಾಗಿಲಿಗೂ ಒಯ್ಯಬಹುದೆಂಬ ಯೋಚನೆಗೆ ಬಲ ಕೊಟ್ಟಿತು.

ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ದೋಣಿಗಳು ಕಿಲ್ತಾನ್, ಕಚ್ಚಾಲ್ ಹಡಗುಗಳ ಜೊತೆಗೂಡಿ ಕರಾಚಿಯತ್ತ ಸಾಗಿದವು. ದಾಳಿಯ ನಾಯಕ ಕಮಾಂಡರ್ ಬಬ್ರು ಭಾನ್ ಯಾದವ್. ಶತ್ರು ಕದ್ದು ಕೇಳಿದರೂ ಅರ್ಥವಾಗದಿರಲೆಂದು ರೇಡಿಯೊದಲ್ಲಿ ನಮ್ಮವರು ಆಡಿದ್ದು ರಷ್ಯನ್ ಮಾತು. ಅಂದು ಪಾಕಿಸ್ತಾನದ ‘ಖೈಬರ್’ ಮತ್ತು ‘ಮುಹಾಫಿಜ್’ ಮುಳುಗಿದವು. ಡಿಸೆಂಬರ್ 8ರ ರಾತ್ರಿ ‘ವಿನಾಶ್’ ಒಂದೇ, ಎರಡು ಯುದ್ಧನೌಕೆಗಳ ಕಾವಲಿನಲ್ಲಿ ಹೋಗಿ ತನ್ನಲ್ಲಿದ್ದ ನಾಲ್ಕೂ ಕ್ಷಿಪಣಿಗಳನ್ನು ಹಾರಿಸಿತು. ಕರಾಚಿ ಬಂದರಿನ ಕೆಮಾರಿಯಲ್ಲಿದ್ದ ತೈಲಾಗಾರ ಹೊತ್ತಿ ಉರಿಯಿತು. ಡಿಸೆಂಬರ್ 4 ನೌಕಾಪಡೆ ದಿನವಾದದ್ದು ಹೀಗೆ. ಮಕ್ಕಳಿಗೆ ಈ ಕಥೆ ಹೇಳುವವರು ಮರುದಿನದ್ದನ್ನೂ ಹೇಳಬೇಕು. ಡಿಸೆಂಬರ್ 9ರ ರಾತ್ರಿ ದಿಯು ಬಳಿ ನಮ್ಮ ಯುದ್ಧನೌಕೆ ‘ಖುಕ್ರಿ’ಯನ್ನು ಪಾಕಿಸ್ತಾನದ ಜಲಾಂತರ್ಗಾಮಿ ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ನೀರುಪಾಲಾದರು. ಅದರ ನಾಯಕ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಅದರ ದನಿ ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ಇಪ್ಪತ್ತೆಂಟು ವರ್ಷಕ್ಕೂ ಮೀರಿ ಸೇವೆ ಮಾಡಿದ ಹಡಗಿಗೆ ಕರಾಚಿಯ ಮಸಿ ಬಳಿದರೆ ಮಾತ್ರ ಮರ್ಯಾದೆಯೇ? 39 ಮೀಟರ್ ಕೂಡ ಇಲ್ಲದ ಒಡಲು. ಅದರೊಳಗೆ ಮೂರು ಡೀಸೆಲ್ ಎಂಜಿನ್, ಒಂದೊಂದಕ್ಕೂ 56 ಸಿಲಿಂಡರ್. ಮೇಲೆ ಒಂದೊಂದೂ ಸುಮಾರು 450 ಕೆ.ಜಿ. ಸಿಡಿತಲೆಯ ನಾಲ್ಕು ಕ್ಷಿಪಣಿ. ಉಳಿದ ಸಂದುಗೊಂದಿನಲ್ಲಿ ನಾವಿಕರ ಊಟ, ನಿದ್ದೆ, ಪಾಳಿ. ನಡುಮಧ್ಯಾಹ್ನ ಆ ತಗಡಿನ ಹೊಟ್ಟೆಯಲ್ಲಿ ಹತ್ತು ನಿಮಿಷ ನಿಂತರೆ ಅಂಗಿ ಬೆನ್ನಿಗೆ ಅಂಟುತ್ತದೆ. ನಿಂತ ಹಡಗಿನಲ್ಲೇ ಹೀಗೆ. ಓಡುವಾಗ ಕೆಳಗೆ ಎಂಜಿನ್ ಕೋಣೆಯಲ್ಲಿ ಪಾಳಿ ಮಾಡಿದವನ ಪಾಡನ್ನು ಮಕ್ಕಳೇ ಊಹಿಸಲಿ. ಕರಾಚಿಯಂಥ ಸಂದರ್ಭ ಬರದಿದ್ದದ್ದು ಅವನ ದೋಷವಲ್ಲ.

ಪತ್ರದಲ್ಲಿ ಒಂದು ಮಾತು ಕಾಣದೆ ಬೇಸರವಾಯಿತು. ಹಡಗಿನ ಪಕ್ಕದಲ್ಲೇ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯಿದೆ. ಐಸ್‌ಕ್ರೀಮ್ ಗಾಡಿಯ ಕಡೆ ಓಡುವ ಮಕ್ಕಳಿಗೆ ಅದು ಕಾಣದಿದ್ದರೆ ಆಶ್ಚರ್ಯವಿಲ್ಲ, ಮೇಷ್ಟ್ರಿಗೆ ಕಾಣಬೇಕಿತ್ತು. ಕಾರವಾರ ಬಳಿಯ ಚೆಂಡಿಯಾದ ಮನೆತನದವರು, ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಕೆಲವೇ ಮಂದಿಯಲ್ಲಿ ಒಬ್ಬರು. 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ನೆಲಬಾಂಬುಗಳನ್ನೂ ಉರುಳಿಸಿದ ಮರಗಳನ್ನೂ ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟರು. ಒಂದು ಕಡೆ ಗುಂಡಿನ ಮಳೆಯಲ್ಲಿ ಟ್ಯಾಂಕಿನ ಅಡಿಗೇ ತೂರಿ, ಅದರೊಂದಿಗೆ ತೆವಳುತ್ತಾ, ಹಗ್ಗ ಜಗ್ಗಿ ಚಾಲಕನಿಗೆ ನಡೆ, ನಿಲ್ಲು ಎಂದು ಸೂಚನೆ ಕೊಟ್ಟರು. ಮೇಲೆ ಟ್ಯಾಂಕು, ಕೆಳಗೆ ನೆಲಬಾಂಬು. ಕರಾಚಿಯ ಕಥೆ ಕೈತಪ್ಪಿದ ಹೊತ್ತಿನಲ್ಲಿ ಇದೊಂದೇ ಸಾಕಿತ್ತು, ಅದೂ ಪಕ್ಕದಲ್ಲೇ ಇತ್ತು.

ಅಲ್ಲೇ ಇರುವ ಟುಪೊಲೆವ್ 142 ವಿಮಾನದ ಬಗ್ಗೆ ಬೇರೊಬ್ಬರು ಕೇಳಿದ್ದಾರೆ: ಹಾರಿಕೊಂಡು ಬಂತೇ ಎಂದು. ಇಲ್ಲ. 2017ರಲ್ಲಿ ನಿವೃತ್ತಿಯಾದ ಜಲಾಂತರ್ಗಾಮಿ ಬೇಟೆಯ ಆ ವಿಮಾನಗಳಲ್ಲಿ ಒಂದನ್ನು ತಮಿಳುನಾಡಿನ ಅರಕ್ಕೋಣಂನಲ್ಲಿ ಬಿಚ್ಚಿ, ಲಾರಿಗಳಲ್ಲಿ ಹೇರಿ ತಂದು ಜೋಡಿಸಿದ್ದು.

ತಿದ್ದುಪಡಿ ಈ ಸಂಚಿಕೆಯಲ್ಲೇ ಪ್ರವಾಸದ ಪುಟದಲ್ಲಿದೆ, ಲೇಖನ ಬಂದಿದ್ದ ಜಾಗದಲ್ಲೇ, ಮೂಲೆಯಲ್ಲಲ್ಲ. ಆ ಹುಡುಗನ ಹೆಸರಿಗೆ ಒಂದು ವರ್ಷ ಪತ್ರಿಕೆ ಕಳಿಸುತ್ತೇವೆ. ಶಾಲೆಯ ವಿಳಾಸ ತಿಳಿಸಿ. ಮುಂದೆ ತಪ್ಪು ಕಂಡರೆ ನಿಮ್ಮನ್ನು ಪೇಚಿಗೆ ಸಿಕ್ಕಿಸದೆ ನೇರವಾಗಿ ನನಗೇ ಬರೆಯಲಿ.

— ಸಂಪಾದಕ