ಸಸ್ಪೆಂಡ್ ಆದವನು ಒಬ್ಬ, ಬಾರದವರು ಇಬ್ಬರು

(ಸಂಪಾದಕರ ಉತ್ತರ)

ಈ ಸಲ ಒಂದೇ ಪತ್ರಕ್ಕೆ ಉತ್ತರ. ಬಂದದ್ದು ಬಳ್ಳಾರಿಯ ಕೌಲ್ ಬಜಾರಿನಿಂದ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪೂರ್ತಿ ಅಚ್ಚು ಮಾಡಲು ಜಾಗ ಸಾಲದು, ಹಾಗಾಗಿ ವಿಷಯ ಮಾತ್ರ ಹೇಳುತ್ತೇನೆ. ಓಣಿ ಓಣಿಗಳ ತಂಡಗಳು ಆಡುವ ಫುಟ್‌ಬಾಲ್ ಟೂರ್ನಿ. ಐದನೇ ಪಂದ್ಯದಲ್ಲಿ ಇವರ ಓಣಿಯ ಫಾರ್ವರ್ಡ್ ಹೊಡೆದ ಗೋಲನ್ನು ರೆಫ್ರಿ ಆಫ್‌ಸೈಡ್, ಅಂದರೆ ಪಾಸ್ ಬರುವಾಗಲೇ ಅವನು ಎದುರಿನ ಬ್ಯಾಕ್‌ಗಳನ್ನು ದಾಟಿ ನಿಂತಿದ್ದ ಎಂದು ರದ್ದು ಮಾಡಿದರು. ಹುಡುಗ ಓಡಿಹೋಗಿ ಎರಡೂ ಕೈಯಿಂದ ರೆಫ್ರಿಯ ಎದೆಗೆ ನೂಕಿದ. ಕೆಂಪು ಕಾರ್ಡ್ ಬಿತ್ತು. ಮರುದಿನ ಸಂಘಟಕರು ನಾಲ್ಕು ಪಂದ್ಯ ಸಸ್ಪೆಂಡ್ ಮಾಡಿದರು. ಆಮೇಲೆ ಮೂರು ಪಂದ್ಯ ಆಗಿವೆ, ಒಂದೂ ಗೆದ್ದಿಲ್ಲ.

ಈಗ ಓಣಿಯಲ್ಲಿ ಎರಡು ಪಾರ್ಟಿ. ಒಂದು ಪಾರ್ಟಿ, "ಸಂಘಟಕರು ಬೇಕಂತಲೇ ನಮ್ಮನ್ನು ಮುಗಿಸಿದರು, ಉಳಿದ ಪಂದ್ಯಕ್ಕೆ ಇಳಿಯುವುದೇ ಬೇಡ" ಎನ್ನುತ್ತದೆ. ಇನ್ನೊಂದು, "ಅವನಿಂದಲೇ ಎಲ್ಲ ಹಾಳಾಯಿತು, ಅವನನ್ನು ತಂಡದಿಂದಲೇ ತೆಗೆಯಿರಿ" ಎನ್ನುತ್ತದೆ. ಶಿಕ್ಷೆ ಸರಿಯೋ ತಪ್ಪೋ, ತಂಡ ಬಿದ್ದದ್ದು ಅದರಿಂದಲೋ ಅಲ್ಲವೋ, ಸುಮ್ನೆ ಜಾರಿಕೊಳ್ಳದೆ ಹೇಳಿ ಎಂದು ಕೇಳಿದ್ದಾರೆ.

ಮಿತ್ರರೆ, ಜಾರಿಕೊಳ್ಳುವುದಿಲ್ಲ. ನೀವು ಎಂಟೂ ಪಂದ್ಯಗಳ ಸ್ಕೋರು ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಸಿಟ್ಟಿನಲ್ಲಿ ಬರೆದ ಪತ್ರಗಳಲ್ಲಿ ಸ್ಕೋರು ಇರುವುದೇ ಅಪರೂಪ.

ಮೊದಲು ಶಿಕ್ಷೆಯ ಮಾತು. ಗೋಲು ಆಫ್‌ಸೈಡ್ ಅಲ್ಲವೇ ಅಲ್ಲ ಎಂದು ನೀವು ಮುಕ್ಕಾಲು ಪುಟ ಬರೆದಿದ್ದೀರಿ, ಚಿತ್ರ ಸಹಿತ. ಇರಬಹುದು. ಓಣಿ ಟೂರ್ನಿಯಲ್ಲಿ ರೆಫ್ರಿ ಒಬ್ಬರೇ ಬಾಲಿನ ಹಿಂದೆ ಓಡಬೇಕು. ಬಾವುಟ ಹಿಡಿಯುವವರು ನೋಡಲು ಬಂದವರಲ್ಲೇ ಯಾರೋ ಇಬ್ಬರು. ಟಿವಿಯಲ್ಲಿ ಗೆರೆ ಎಳೆದು ತೋರಿಸುವವರು ಇಲ್ಲಿಲ್ಲ. ಆ ತೀರ್ಪು ತಪ್ಪೇ ಎಂದು ಇಟ್ಟುಕೊಳ್ಳೋಣ. ಆದರೂ ನೂಕಿದ್ದು ನೂಕಿದ್ದೇ. ಆಫ್‌ಸೈಡ್ ತೀರ್ಪಿಗೂ ಈ ಶಿಕ್ಷೆಗೂ ಸಂಬಂಧ ಇಲ್ಲ.

ನಾಲ್ಕು ಪಂದ್ಯ ಜಾಸ್ತಿ ಅಂತೀರಾ? 1998ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವೆಡ್ನೆಸ್‌ಡೇ ತಂಡದ ಪಾವ್ಲೊ ಡಿ ಕಾನಿಯೊ ಆರ್ಸೆನಲ್ ಮೇಲಿನ ಪಂದ್ಯದಲ್ಲಿ ಕೆಂಪು ಕಾರ್ಡ್ ತೋರಿಸಿದ ರೆಫ್ರಿಯನ್ನು ಹೀಗೇ ಎರಡು ಕೈಯಿಂದ ನೂಕಿದ. ಅವರು ತಡಬಡಾಯಿಸುತ್ತ ಹಿಂದೆ ಹಿಂದೆ ಹೋಗಿ ಕುಂಡಿ ಊರಿ ಕೂತರು. ಜನ ಈಗಲೂ ಆ ವಿಡಿಯೊ ನೋಡಿ ನಗುತ್ತಾರೆ. ಡಿ ಕಾನಿಯೊಗೆ ನಗು ಬರಲಿಲ್ಲ, ಅವನಿಗೆ ಸಿಕ್ಕಿದ್ದು 11 ಪಂದ್ಯ. ಜಗತ್ತಿನ ಫುಟ್‌ಬಾಲ್ ನಡೆಸುವ ಫಿಫಾದ ಈಗಿನ ಶಿಸ್ತು ನಿಯಮದಲ್ಲಿ ರೆಫ್ರಿ ಮೇಲೆ ಹಲ್ಲೆ ಮಾಡಿದರೆ ಕನಿಷ್ಠ 15 ಪಂದ್ಯ, ಇಲ್ಲವೇ ತಕ್ಕಷ್ಟು ಕಾಲ ನಿಷೇಧ ಎಂದಿದೆ. ನಿಮ್ಮ ಹುಡುಗನಿಗೆ ನಾಲ್ಕರಲ್ಲಿ ಮುಗಿದಿದೆ. ನಾನಾಗಿದ್ದರೆ ಬಾಯಿ ಮುಚ್ಚಿಕೊಂಡು ಒಪ್ಪಿಕೊಳ್ಳುತ್ತಿದ್ದೆ.

ಆದರೆ ಒಂದು ವಿಷಯದಲ್ಲಿ ನಾನು ನಿಮ್ಮ ಕಡೆ. ಸಸ್ಪೆಂಡ್ ಮಾಡಿದ್ದನ್ನು ಕ್ಯಾಪ್ಟನ್‌ಗೆ ಫೋನಿನಲ್ಲಿ ಹೇಳಿದರು, ಹುಡುಗನನ್ನು ಕರೆದು ಒಂದು ಮಾತೂ ಕೇಳಲಿಲ್ಲ, ಕಾಗದದ ಮೇಲೆ ಏನೂ ಇಲ್ಲ ಎಂದು ಬರೆದಿದ್ದೀರಿ. ಅದು ಸರಿಯಲ್ಲ. ಶಿಕ್ಷೆ ಸರಿಯಿದ್ದರೂ ಕೊಟ್ಟ ರೀತಿ ಸರಿಯಿಲ್ಲ. ರೆಫ್ರಿ ಏನು ಬರೆದುಕೊಟ್ಟರು, ಯಾರ್ಯಾರು ಕೂತು ತೀರ್ಮಾನ ಮಾಡಿದರು, ಎಂದಿನಿಂದ ಎಂದಿನವರೆಗೆ, ಇಷ್ಟನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಕೂಗಾಡಬೇಡಿ. ಇಂದು ನಿಮಗೆ ನಾಲ್ಕು ಕೊಟ್ಟವರು ನಾಳೆ ಇನ್ನೊಂದು ಓಣಿಗೆ ಅದೇ ತಪ್ಪಿಗೆ ಒಂದೇ ಕೊಟ್ಟರೆ, ತೋರಿಸಲು ನಿಮ್ಮ ಕೈಯಲ್ಲಿ ಒಂದು ಹಾಳೆ ಇರಬೇಕಲ್ವಾ?

"ಇಳಿಯುವುದೇ ಬೇಡ" ಎನ್ನುವ ಪಾರ್ಟಿಗೆ ಎರಡು ಮಾತು. ಬೆಂಗಳೂರು ಎಫ್‌ಸಿ ತಂಡ ತೋರಣಗಲ್ಲಿನ ಕಡೆ ಕ್ಯಾಂಪಿಗೆ ಬಂದಾಗ ಗೇಟಿನ ತನಕ ಹೋಗಿ ನಿಂತು ಬಂದವರಂತೆ ನೀವೆಲ್ಲ. ಹಾಗಿದ್ದ ಮೇಲೆ 2023ರ ಮಾರ್ಚ್ 3 ನೆನಪಿರಲೇಬೇಕು. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ನಾಕೌಟ್ ಪಂದ್ಯ, ಹೆಚ್ಚುವರಿ ಸಮಯ. ಎದುರಿನವರು ಬಾಲಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟುವುದರೊಳಗೆ ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದೇ ಬಿಟ್ಟರು. ಗೋಲು ಎಂದರು ರೆಫ್ರಿ. ಬ್ಲಾಸ್ಟರ್ಸ್ ಕೋಚ್ ಇಡೀ ತಂಡವನ್ನು ಕರೆದುಕೊಂಡು ಹೊರಗೆ ನಡೆದರು. ಪಂದ್ಯ ಬೆಂಗಳೂರಿಗೆ ಹೋಯಿತು, ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು, ಕೋಚ್‌ಗೆ 10 ಪಂದ್ಯ ನಿಷೇಧವಾಯಿತು. ಅವರ ದೂರಿನಲ್ಲಿ ಹುರುಳಿತ್ತೋ ಇಲ್ಲವೋ, ಆ ಜಗಳ ಇನ್ನೂ ಮುಗಿದಿಲ್ಲ. ಇನ್ನೂ ಆಡಲು ಸಮಯ ಇತ್ತು, ಒಂದು ಗೋಲು ಹೊಡೆದಿದ್ದರೆ ಸಮ ಆಗುತ್ತಿತ್ತು. ಹೊರಗೆ ನಡೆದವರಿಗೆ ಆ ಅವಕಾಶವೂ ಹೋಯಿತು. ಅವತ್ತು ನೀವೆಲ್ಲ ಬ್ಲಾಸ್ಟರ್ಸ್‌ನವರನ್ನು ಎಷ್ಟು ಆಡಿಕೊಂಡಿರಿ ಎಂಬುದು ನನಗೆ ಗೊತ್ತು. ಈಗ ನೀವೇ ಅದನ್ನು ಮಾಡಲು ಹೊರಟರೆ ಹೇಗೆ?

ಇನ್ನು ಫಾರ್ಮ್, ಅಂದರೆ ತಂಡದ ಆಟ ಬಿದ್ದ ವಿಷಯ. ನಿಮ್ಮ ಪತ್ರ ಓದಿದ ಮೇಲೆ ನನಗೆ ಜಾಸ್ತಿ ಹೇಳಬೇಕು ಅನ್ನಿಸಿದ್ದು ಇದನ್ನೇ.

ನೀವು ಕಳಿಸಿದ ಸ್ಕೋರನ್ನು ಸಾಲಾಗಿ ಇಡುತ್ತೇನೆ. ಮೊದಲ ಮೂರು ಪಂದ್ಯ: 3-0, 4-1, 2-0. ಮೂರೂ ಗೆಲುವು. ನಾಲ್ಕನೆಯದು 1-1. ಐದನೆಯದು, ಅಂದರೆ ಗಲಾಟೆ ನಡೆದದ್ದು, 1-2. ಆಮೇಲೆ ಅವನಿಲ್ಲದ ಮೂರು: 0-0, 0-2, 1-2.

ನಾಲ್ಕನೇ ಪಂದ್ಯ ನೋಡಿ. ಆಗ ಫಾರ್ವರ್ಡ್ ಮೈದಾನದಲ್ಲೇ ಇದ್ದ. ಐದನೆಯದರಲ್ಲೂ ಕೊನೆಯ ಹತ್ತು ನಿಮಿಷದ ತನಕ ಇದ್ದ, ನೀವೇ ಬರೆದಿದ್ದೀರಿ, ಅವನು ಹೊರಗೆ ಹೋಗುವಾಗಲೇ ಎದುರಿನವರದು ಎರಡು ಆಗಿತ್ತು. ಮೊದಲ ಮೂರು ಪಂದ್ಯದಲ್ಲಿ ನೀವು ಎದುರಿನವರಿಗೆ ಬಿಟ್ಟುಕೊಟ್ಟ ಗೋಲು ಒಂದೇ ಒಂದು. ನಂತರದ ಐದರಲ್ಲಿ ಏಳು. ಫಾರ್ವರ್ಡ್ ಇಲ್ಲ ಎಂದರೆ ಗೋಲು ಹೊಡೆಯುವುದು ಕಡಿಮೆಯಾಗಬೇಕು, ಸರಿ. ಬಿಡುವುದು ಯಾಕೆ ಜಾಸ್ತಿಯಾಯಿತು?

ಉತ್ತರ ನಿಮ್ಮ ಪತ್ರದ ಕೊನೆಯ ಪುಟದಲ್ಲೇ ಇದೆ. ಒಂದೇ ಸಾಲು, ಅದೂ ಬೇರೆ ಏನೋ ಹೇಳುತ್ತ ನಡುವೆ ಬಂದದ್ದು: "ನಮ್ಮ ಹಾಫ್ ಮತ್ತು ಲೆಫ್ಟ್ ಬ್ಯಾಕ್ ಇಬ್ಬರೂ ಜೀನ್ಸ್ ಯೂನಿಟ್‌ನಲ್ಲಿ ಕೆಲಸಕ್ಕೆ ಇದ್ದಾರೆ, ಆರ್ಡರ್ ಜಾಸ್ತಿ ಇದೆ ಅಂತ ಎರಡು ವಾರದಿಂದ ಪ್ರಾಕ್ಟೀಸಿಗೆ ಬರುತ್ತಿಲ್ಲ, ಮ್ಯಾಚಿಗೆ ಮಾತ್ರ ಬಂದು ಹೋಗುತ್ತಾರೆ." (ಹಾಫ್ ಎಂದರೆ ಮೈದಾನದ ನಡುವೆ ಆಡುವವನು, ಲೆಫ್ಟ್ ಬ್ಯಾಕ್ ಎಂದರೆ ಹಿಂದೆ ಎಡಬದಿ ಕಾಯುವವನು.) ಸಸ್ಪೆಂಡ್ ಆದವನ ಬಗ್ಗೆ ಎರಡೂವರೆ ಪುಟ, ಇವರಿಬ್ಬರ ಬಗ್ಗೆ ಒಂದು ಸಾಲು.

ಈ ಸಾಲು ಓದಿದ ಮೇಲೆ ಒಂದು ವಿಷಯ ಹೇಳದೆ ಇರಲಾಗುತ್ತಿಲ್ಲ. ನಿಮ್ಮ ಮೂರನೇ ಸೋಲಿನ ಸಂಜೆ ನಾನೂ ಬಂದು ಸುಣ್ಣದ ಗೆರೆ ಪಕ್ಕ ನಿಂತಿದ್ದೆ. ಯಾರಿಗೂ ಹೇಳಿರಲಿಲ್ಲ. ಐದು ಗಂಟೆಯಾದರೂ ನೆಲ ಕಾದೇ ಇತ್ತು, ಹುಲ್ಲಿಲ್ಲದ ಮೈದಾನದಲ್ಲಿ ಬಾಲು ಒಂದು ಆಳು ಎತ್ತರ ಪುಟಿಯುತ್ತಿತ್ತು. ನಿಮ್ಮ ಹಾಫ್ ಬಂದದ್ದು ಆಟ ಶುರುವಾಗುವ ಹೊತ್ತಿಗೆ, ಬೈಕಿನ ಹಿಂದೆ ಕೂತು. ಬೂಟು ಕಟ್ಟುವಾಗ ಅವನ ಬೆರಳ ತುದಿಗಳು ನೀಲಿ. ಇಡೀ ದಿನ ಡೆನಿಮ್ ಹಿಡಿದ ಕೈ. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿಯೇ ಆಡಿದ. ಆಮೇಲೆ ಬಾಲು ಸಿಕ್ಕಾಗಲೆಲ್ಲ ಮುಂದೆ ಒದ್ದು ಅಲ್ಲೇ ನಿಲ್ಲತೊಡಗಿದ, ವಾಪಸ್ ಓಡಲಿಲ್ಲ. ಅವನು ಬಿಟ್ಟ ಜಾಗ ಮುಚ್ಚಲು ಲೆಫ್ಟ್ ಬ್ಯಾಕ್ ಒಳಗೆ ಬಂದ, ಬ್ಯಾಕ್ ಬಿಟ್ಟ ಜಾಗದಲ್ಲಿ ಎದುರಿನ ವಿಂಗರ್ ಆರಾಮಾಗಿ ಬಂದು ಕ್ರಾಸ್ ಕೊಟ್ಟ. ಎರಡೂ ಗೋಲು ಹಾಗೇ ಆದವು. ಆಗ ಗೆರೆ ಪಕ್ಕ ನಿಮ್ಮವರು ಕೂಗುತ್ತಿದ್ದದ್ದು ಏನು? ಸಸ್ಪೆಂಡ್ ಆದವನ ಹೆಸರು!

ಆ ಇಬ್ಬರನ್ನು ಬೈಯಬೇಡಿ. ಪೀಸ್ ಲೆಕ್ಕದ ಕೆಲಸ ಅದು, ಹೊಲಿದಷ್ಟೇ ದುಡ್ಡು. ಆರ್ಡರ್ ಬಂದಾಗ ಬಿಟ್ಟು ಬಂದು ಆಡಿ ಎನ್ನಲು ನಮಗೆ ಬಾಯಿಲ್ಲ. ಪ್ರಾಕ್ಟೀಸ್ ಹೊತ್ತನ್ನು ಅವರಿಗೆ ಸರಿಯಾಗಿ ಇಡಬಹುದು. ಬಳ್ಳಾರಿಯಲ್ಲಿ ಬೆಳಗ್ಗೆ ಆರಕ್ಕೆ ಆಡುವುದು ಸಂಜೆ ನಾಲ್ಕಕ್ಕೆ ಆಡುವುದಕ್ಕಿಂತ ಹೇಗೂ ಸುಖ. ಅರ್ಧ ಆಟ ಆದ ಮೇಲೆ ಹಾಫ್ ಬದಲಿಸಲು ಒಬ್ಬ ಹುಡುಗನನ್ನು ತಯಾರು ಮಾಡಬಹುದು. ಬೆಂಚಿನ ಮೇಲೆ ಮೂವರು ಕೂತಿದ್ದರು, ಒಬ್ಬನನ್ನೂ ಇಳಿಸಲಿಲ್ಲ.

ಹಾಗಾದರೆ ಮುಖ್ಯ ಆಟಗಾರ ಹೊರಗೆ ಕೂತರೆ ಏನೂ ಆಗುವುದಿಲ್ಲವಾ? ಆಗುತ್ತದೆ. ಎಷ್ಟು ಆಗುತ್ತದೆ ಎನ್ನುವುದು ಅವನನ್ನು ಬಿಟ್ಟು ಉಳಿದ ತಂಡದ ಮೇಲೆ ನಿಂತಿದೆ.

2017ರ ಆಗಸ್ಟಿನಲ್ಲಿ ಸ್ಪೇನ್‌ನ ಸೂಪರ್ ಕಪ್ ಪಂದ್ಯದಲ್ಲಿ ರಿಯಲ್ ಮ್ಯಾಡ್ರಿಡ್‌ನ ಕ್ರಿಸ್ಟಿಯಾನೊ ರೊನಾಲ್ಡೊ ಬದಲಿಯಾಗಿ ಇಳಿದು ಬಾರ್ಸಿಲೋನಾ ಮೇಲೆ ಗೋಲು ಹೊಡೆದ. ಅಂಗಿ ಬಿಚ್ಚಿದ್ದಕ್ಕೆ ಒಂದು ಹಳದಿ, ಸ್ವಲ್ಪ ಹೊತ್ತಿಗೇ ಬೇಕಂತ ಬಿದ್ದ ಎಂದು ಇನ್ನೊಂದು ಹಳದಿ, ಅಲ್ಲಿಗೆ ಕೆಂಪು. ಹೊರಗೆ ಹೋಗುವಾಗ ರೆಫ್ರಿಯ ಬೆನ್ನಿಗೆ ಕೈ ಹಚ್ಚಿ ನೂಕಿದ. ನಿಮ್ಮ ಹುಡುಗ ನೂಕಿದ್ದರ ಮುಂದೆ ಅದು ಏನೂ ಅಲ್ಲ. ಆದರೂ ಕೆಂಪಿಗೆ ಒಂದು, ನೂಕಿದ್ದಕ್ಕೆ ನಾಲ್ಕು, ಒಟ್ಟು ಐದು ಪಂದ್ಯ. ಮೇಲ್ಮನವಿ ಹಾಕಿದರು, ನಡೆಯಲಿಲ್ಲ. ಆ ಐದರಲ್ಲಿ ರಿಯಲ್ ಮ್ಯಾಡ್ರಿಡ್ ಮೂರು ಗೆದ್ದಿತು, ಎರಡು ಡ್ರಾ ಮಾಡಿಕೊಂಡಿತು. ಒಂದೂ ಸೋಲಲಿಲ್ಲ. ಶಿಕ್ಷೆ ಮುಗಿದು ಅವನು ಲೀಗಿಗೆ ವಾಪಸ್ ಬಂದ ರಾತ್ರಿ, ತಮ್ಮದೇ ಮೈದಾನದಲ್ಲಿ, ರಿಯಲ್ ಬೆಟಿಸ್ ಕೈಯಲ್ಲಿ 0-1 ಸೋಲು. ಅವನು ಬಂದದ್ದಕ್ಕೇ ಸೋತರು ಎಂದು ಯಾರೂ ಹೇಳಲಿಲ್ಲ. ಹೇಳಿದರೆ ತಮಾಷೆಯಾಗುತ್ತಿತ್ತು. ಆದರೆ "ಅವನು ಇಲ್ಲದ್ದಕ್ಕೇ ಸೋತೆವು" ಎನ್ನುವುದನ್ನು ಮಾತ್ರ ನಾವು ಕೇಳಿದ ಕೂಡಲೆ ಒಪ್ಪಿಬಿಡುತ್ತೇವೆ.

ಹಾಗೆ ಹೇಳುವವರಿಗೆ ಆಸರೆಯಾಗುವ ಕಥೆಯೂ ಇದೆ, ಮುಚ್ಚಿಡುವುದಿಲ್ಲ. 1995ರ ಜನವರಿ 25ರಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಎರಿಕ್ ಕಾಂಟೊನಾ ಕೆಂಪು ಕಾರ್ಡ್ ಪಡೆದು ಹೊರಗೆ ಹೋಗುವಾಗ ಬೈದ ಪ್ರೇಕ್ಷಕನೊಬ್ಬನಿಗೆ ಬೇಲಿಯಾಚೆ ಹಾರಿ ಒದ್ದ. ಸೆಪ್ಟೆಂಬರ್ ಕೊನೆಯವರೆಗೆ ಆಟ ಬಂದ್. ಆ ಸಲ ಯುನೈಟೆಡ್ ಲೀಗ್ ಕಳೆದುಕೊಂಡದ್ದು ಒಂದೇ ಒಂದು ಅಂಕದಿಂದ, ಬ್ಲ್ಯಾಕ್‌ಬರ್ನ್‌ಗೆ 89, ಇವರಿಗೆ 88. ಅವನಿದ್ದಿದ್ದರೆ ಗೆಲ್ಲುತ್ತಿದ್ದರು ಎಂದು ಯುನೈಟೆಡ್‌ನವರು ಇಂದಿಗೂ ಹೇಳುತ್ತಾರೆ. ಅದನ್ನು ನಾನೂ ಒಪ್ಪುತ್ತೇನೆ. ಅವನಿಲ್ಲದೆ ಇಪ್ಸ್‌ವಿಚ್ ಮೇಲೆ 9-0 ಗೆದ್ದ ತಂಡವೇ ತನ್ನ ಮೈದಾನದಲ್ಲಿ ಟಾಟನ್‌ಹ್ಯಾಮ್, ಲೀಡ್ಸ್, ಚೆಲ್ಸಿ ಮೂವರ ಮೇಲೂ 0-0 ಮಾಡಿಕೊಂಡಿತು. ಎದುರಿನವರು ಬಾಗಿಲು ಹಾಕಿಕೊಂಡು ಕೂತಾಗ ತೆಗೆಯುವವನು ಅವನೊಬ್ಬನೇ ಆಗಿದ್ದ. ಆದರೆ ಗಮನಿಸಿ, ಅದು ಮೇಲಿನ ಸ್ಥಾನಕ್ಕೆ ಒಂದು ಅಂಕದ ಲೆಕ್ಕ. ನಿಮ್ಮದು ಐದು ಪಂದ್ಯದಲ್ಲಿ ಏಳು ಗೋಲು ಬಿಟ್ಟ ಲೆಕ್ಕ. ನಿಮ್ಮ 0-0 ಪಂದ್ಯದ ಮಟ್ಟಿಗೆ ಅವನು ಇಲ್ಲದ್ದು ಕಾರಣ ಎನ್ನಿ, ನಾನು ವಾದಕ್ಕೆ ಬರುವುದಿಲ್ಲ. ಉಳಿದವಕ್ಕೆ ಒಪ್ಪಲಾರೆ.

"ತಂಡದಿಂದಲೇ ತೆಗೆಯಿರಿ" ಎನ್ನುವವರಿಗೆ ಇಷ್ಟೇ: ಕಾಂಟೊನಾನನ್ನು ಯುನೈಟೆಡ್ ತೆಗೆಯಲಿಲ್ಲ. ಮರಳಿ ಬಂದ ಸೀಸನ್‌ನಲ್ಲೇ ಲೀಗೂ ಗೆದ್ದರು, ಎಫ್‌ಎ ಕಪ್ಪೂ ಗೆದ್ದರು. ಕೊಟ್ಟ ಶಿಕ್ಷೆ ಮುಗಿದ ಮೇಲೆ ಓಣಿಯವರು ಇನ್ನೊಂದು ಕೊಡುವುದು ಯಾವ ನ್ಯಾಯ? ಹುಡುಗ ಹೋಗಿ ರೆಫ್ರಿಯ ಹತ್ತಿರ ತಪ್ಪಾಯಿತು ಅನ್ನಲಿ. ದೊಡ್ಡ ಸಭೆ ಗಿಭೆ ಬೇಡ, ಅವರು ಕೆಲಸ ಮಾಡುವ ಕಡೆ ಒಬ್ಬನೇ ಹೋಗಿ ಬಂದರೆ ಸಾಕು. ಓಣಿ ಟೂರ್ನಿಗೆ ರೆಫ್ರಿ ಸಿಗುವುದೇ ಕಷ್ಟ. ಸಿಕ್ಕವರಿಗೆ ಕೊಡುವುದು ಬಸ್ ಚಾರ್ಜು, ಒಂದು ತಟ್ಟೆ ವಗ್ಗಾಣಿ ಮಿರ್ಚಿ. ಅದರ ಜೊತೆ ಎದೆಗೆ ಹೊಡೆತವೂ ಸಿಕ್ಕರೆ ಮುಂದಿನ ಸಲ ಯಾರು ಬರುತ್ತಾರೆ?

ಉಳಿದಿರುವುದು ಅವನಿಲ್ಲದ ಒಂದು ಪಂದ್ಯ. ಇಳಿಯಿರಿ. ಹಾಫ್ ಸುಸ್ತಾದ ಕೂಡಲೆ ಬದಲಿಸಿ. ಲೆಫ್ಟ್ ಬ್ಯಾಕ್ ತನ್ನ ಜಾಗ ಬಿಟ್ಟು ಒಳಗೆ ಬರಬಾರದು ಎಂದು ಒಬ್ಬರು ಗೆರೆ ಪಕ್ಕ ನಿಂತು ಹೇಳುತ್ತಲೇ ಇರಿ. ಆಡಬಾರದವನ ಹೆಸರು ಕೂಗುವ ಬದಲು ಆಡುವವರ ಹೆಸರು ಕೂಗಿ.

ಪತ್ರದ ಕೆಳಗೆ, ಛೆಟ್ರಿಯವರ ದೊಡ್ಡ ಫೋಟೊ ನಡುಪುಟದಲ್ಲಿ ಹಾಕಿ ಎಂದು ಕೇಳಿದ್ದೀರಿ. ಮುಂದಿನ ಸಂಚಿಕೆಯ ನಡುಪುಟ ಜಾಹೀರಾತಿಗೆ ಹೋಗಿಬಿಟ್ಟಿದೆ. ಅದರ ಮುಂದಿನದಕ್ಕೆ ನೋಡೋಣ. ಟೂರ್ನಿಯ ಕೊನೆಯ ಪಂದ್ಯದ ಸ್ಕೋರು ಮರೆಯದೆ ಕಳಿಸಿ, ಗೋಲು ಹೊಡೆದವರ ಹೆಸರಿನ ಜೊತೆಗೆ ಗೋಲು ತಡೆದವರ ಹೆಸರೂ ಇರಲಿ.

— ಸಂ.