ಉಳುಕು ಅಂದುಕೊಂಡು ಎಂಟು ತಿಂಗಳು

ಪ್ರಶ್ನೆ: ಸರ್, ನನಗೆ 23 ವರ್ಷ, ಸೇಡಂ ಕಡೆಯವನು. ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಗೆ ತಯಾರಿ ಮಾಡುತ್ತಿದ್ದೇನೆ. ಯುಗಾದಿ ಹೊತ್ತಿಗೆ ತೊಗರಿ ಕೊಯ್ದ ಹೊಲದಲ್ಲಿ ಓಡುವಾಗ ನೆಲದ ಬಿರುಕಿಗೆ ಬಲಗಾಲು ಸಿಕ್ಕು ಒಳಕ್ಕೆ ಹೊರಳಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ, ಬರೀ ಉಳುಕು ಅಂದರು. ಊರಲ್ಲಿ ಒಬ್ಬರು ಎಣ್ಣೆ ಹಚ್ಚಿ ತಿಕ್ಕಿದರು. ತಿಂಗಳಾದ ಮೇಲೆ ಮತ್ತೆ ಓಡಲು ಶುರು ಮಾಡಿದೆ. ಈಗ ಎಂಟು ತಿಂಗಳು. ಓಡಿದ ದಿನ ಸಂಜೆ ಹರಡು, ಅಂದರೆ ಪಾದದ ಮೇಲಿನ ಕೀಲು, ಬಾಯುತ್ತದೆ, ಒಳಗೆಲ್ಲೋ ಆಳದಲ್ಲಿ ನೋವು, ಆಗಾಗ ಕಟ್ ಅಂತ ಸದ್ದಾಗಿ ಹಿಡಿದುಕೊಳ್ಳುತ್ತದೆ. ಕಲಬುರಗಿಯಲ್ಲಿ ಎಂಆರ್‌ಐ ಮಾಡಿಸಿದಾಗ ಟೇಲಸ್ ಎಲುಬಿನ ಒಳಮೂಲೆಯಲ್ಲಿ ಕಾರ್ಟಿಲೇಜ್ ಹಾಳಾಗಿದೆ, 9×7 ಮಿ.ಮೀ. ಅಂತ ಬಂತು. ಒಬ್ಬ ಡಾಕ್ಟರು ಕ್ಯಾಮೆರಾ ಬಿಟ್ಟು ಸ್ಕೋಪ್ ಆಪರೇಷನ್ ಮಾಡೋಣ ಅಂತಾರೆ, ಇನ್ನೊಬ್ಬರು ನನ್ನದೇ ರಕ್ತದಿಂದ ಮಾಡುವ ಪಿಆರ್‌ಪಿ ಇಂಜೆಕ್ಷನ್ ಸಾಕು ಅಂತಾರೆ. ಮೂರು ತಿಂಗಳಲ್ಲಿ 1600 ಮೀಟರ್ ಓಡಬೇಕು. ಯಾವುದು ಮಾಡಿಸಲಿ?
– ಹೆಸರು ಬೇಡ, ಸೇಡಂ ತಾಲ್ಲೂಕು

ಉತ್ತರ: ತಮ್ಮಾ, ಬೇಡದ ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಮೂರು ತಿಂಗಳ ಓಟ ಬಿಟ್ಟುಬಿಡು. ಯಾವ ಇಂಜೆಕ್ಷನ್ನೂ ಯಾವ ಆಪರೇಷನ್ನೂ ಅಷ್ಟರೊಳಗೆ ನಿನ್ನನ್ನು ಟ್ರ್ಯಾಕ್ ಮೇಲೆ ನಿಲ್ಲಿಸುವುದಿಲ್ಲ.

ಆಗಿದ್ದೇನು ಅಂದರೆ, ಮೊಣಕಾಲಿನ ಕೆಳಗಿನ ಎರಡು ಎಲುಬು ಸೇರಿ ಒಂದು ಚೌಕಟ್ಟು ಮಾಡಿವೆ, ಅದರೊಳಗೆ ಕೂತಿರುವುದೇ ಟೇಲಸ್. ಅದಕ್ಕೆ ಒಂದು ಸ್ನಾಯುವೂ ಅಂಟಿಲ್ಲ, ಮೇಲ್ಮೈಯ ಅರ್ಧಕ್ಕಿಂತ ಜಾಸ್ತಿ ಭಾಗಕ್ಕೆ ಕಾರ್ಟಿಲೇಜಿನ ನುಣುಪು ಹೊದಿಕೆ. ಈ ಹೊದಿಕೆ ಬಲು ತೆಳು, ಹೆಚ್ಚೂಕಡಿಮೆ 1ರಿಂದ 1.5 ಮಿ.ಮೀ. ನಮ್ಮ ಕಡೆ ಕರಿ ಮಣ್ಣು ಬೇಸಿಗೆಯಲ್ಲಿ ಹೇಗೆ ಬಾಯಿ ಬಿಡುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಅದರಲ್ಲಿ ಪಾದ ಸಿಕ್ಕು ಮೈಭಾರವೆಲ್ಲ ಹೊರಳಿದಾಗ ಹೊರಗಡೆಯ ಲಿಗಮೆಂಟ್, ಅಂದರೆ ಎಲುಬುಗಳನ್ನು ಬಿಗಿದಿಡುವ ನಾರು, ಹರಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಅದೇ ಏಟಿಗೆ ಒಳಗೆ ಟೇಲಸ್ಸಿನ ಮೂಲೆ ಮೇಲಿನ ಎಲುಬಿಗೆ ಬಡಿದು ಹೊದಿಕೆ ಜಜ್ಜಿಹೋಗುವುದು ಮಾತ್ರ ಯಾರಿಗೂ ಕಾಣುವುದಿಲ್ಲ. ಎಕ್ಸ್‌ರೇಯಲ್ಲಿ ಕಾರ್ಟಿಲೇಜ್ ಮೂಡುವುದೇ ಇಲ್ಲ. ಹಾಗಾಗಿ "ಏನೂ ಇಲ್ಲ" ಅಂದವರು ಸುಳ್ಳು ಹೇಳಲಿಲ್ಲ, ಆದರೆ ಆರೆಂಟು ವಾರವಾದರೂ ಹೋಗದ ಉಳುಕನ್ನು ಉಳುಕು ಅಂತಲೇ ಕರೆಯುತ್ತಾ ಕೂತಿದ್ದು ತಪ್ಪು. ಹೊಸ ಏಟಿನ ಮೇಲೆ ತಿಕ್ಕಿಸಿಕೊಂಡಿದ್ದು ಇನ್ನೊಂದು. ಮೊದಲ ದಿನಗಳಲ್ಲಿ ಬೇಕಿದ್ದದ್ದು ಐಸು, ಬಿಗಿ ಪಟ್ಟಿ, ಕಾಲು ಎತ್ತರಕ್ಕಿಟ್ಟು ಮಲಗುವುದು, ಅಷ್ಟೇ.

ಕಾರ್ಟಿಲೇಜಿಗೆ ರಕ್ತನಾಳವಿಲ್ಲ, ನರವೂ ಇಲ್ಲ. ರಕ್ತವಿಲ್ಲದ್ದರಿಂದ ಚರ್ಮದ ಗಾಯದ ಹಾಗೆ ಮಾಯುವುದಿಲ್ಲ. ನರವಿಲ್ಲದ್ದರಿಂದ ಅದು ತಾನಾಗಿ ನೋಯುವುದೂ ಇಲ್ಲ, ನಿನಗೆ ಆಳದಲ್ಲಿ ಆಗುವ ನೋವು ಅದರ ಕೆಳಗಿನ ಎಲುಬಿನದು. ಕಾರ್ಟಿಲೇಜಿನ ಬಿರುಕಿನಿಂದ ಕೀಲಿನ ನೀರು ಒಳಗೆ ನುಗ್ಗಿ ಎಲುಬಿನಲ್ಲಿ ಸಣ್ಣ ಗುಳಿ ಮಾಡುವುದೂ ಉಂಟು. ಹಾಳಾದ ಕಾರ್ಟಿಲೇಜ್ ಮತ್ತೆ ಬರುವುದಿಲ್ಲ ಅಂತ ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಬರೆದಿಟ್ಟಿದ್ದ. ಇಷ್ಟು ವರ್ಷವಾದರೂ ಆ ಮಾತನ್ನು ಪೂರ್ತಿ ಸುಳ್ಳು ಮಾಡಲು ನಮಗೆ ಆಗಿಲ್ಲ.

ಹಾಗಂತ ಕೈಚೆಲ್ಲಬೇಕಿಲ್ಲ. ನಿನ್ನದು ಸಣ್ಣ ಗಾಯ, ಒಂದು ಚದರ ಸೆಂಟಿಮೀಟರಿಗಿಂತ ಕಡಿಮೆ. ಇಂಥದ್ದಕ್ಕೆ ಮೊದಲ ಮದ್ದು ವಿಶ್ರಾಂತಿ, ಅಂದರೆ ನಿಜವಾದ ವಿಶ್ರಾಂತಿ: ಆರು ವಾರ ಬೂಟು ಅಥವಾ ಪ್ಲಾಸ್ಟರು, ಭಾರ ಕಡಿಮೆ, ಆಮೇಲೆ ಫಿಸಿಯೋಥೆರಪಿ. ಇಷ್ಟರಲ್ಲೇ ಸುಮಾರು ಅರ್ಧದಷ್ಟು ಮಂದಿ ಸುಧಾರಿಸುತ್ತಾರೆ. ನೀನು ಒಂದು ತಿಂಗಳಿಗೇ ಓಡಲು ಹೋದೆ, ಅದು ವಿಶ್ರಾಂತಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕೀಲು ನಡುವೆ ನಿಜವಾಗಿ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಒಳಗೆ ಒಂದು ಚೂರು ಸಡಿಲವಾಗಿ ಅಲ್ಲಾಡುತ್ತಿರಬಹುದು. ಆಗ ಕಾಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ, ಸ್ಕೋಪ್ ಅಂದ ಡಾಕ್ಟರ ಮಾತೇ ಸರಿ ಅಂತ ನನಗನ್ನಿಸುತ್ತದೆ. "ಹಿಡಿದುಕೊಳ್ಳುತ್ತದೆ" ಅಂದರೆ ನೋವಿಗೆ ಹೆದರಿ ಕಾಲು ಎತ್ತುತ್ತೀಯೋ, ಅಥವಾ ಎಷ್ಟು ಪ್ರಯತ್ನಿಸಿದರೂ ಕೀಲು ಆಡುವುದೇ ಇಲ್ಲವೋ, ಇದನ್ನು ಅವರಿಗೆ ಬಿಡಿಸಿ ಹೇಳು.

ಸ್ಕೋಪಿನಲ್ಲಿ ಹರಡಿನ ಮುಂದೆ ಎರಡು ಸಣ್ಣ ತೂತು. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಉಪಕರಣ. ಸಡಿಲ ಚೂರು ತೆಗೆದು, ಗಾಯದ ಅಂಚು ಸವರಿ, ತಳದ ಎಲುಬಿಗೆ 3–4 ಮಿ.ಮೀ. ದೂರದೂರಕ್ಕೆ ಪುಟ್ಟ ತೂತು ಹೊಡೆಯುತ್ತಾರೆ. ಅಲ್ಲಿಂದ ಮಜ್ಜೆಯ ರಕ್ತ ಜಿನುಗಿ, ಹೆಪ್ಪುಗಟ್ಟಿ, ನಿಧಾನಕ್ಕೆ ಹೊಸ ಪದರವಾಗುತ್ತದೆ. ಅದು ಹುಟ್ಟಿನಿಂದ ಬಂದ ನುಣುಪು ಕಾರ್ಟಿಲೇಜ್ ಅಲ್ಲ, ಗಾಯದ ಕಲೆಯಂಥ ಒರಟು ಜಾತಿಯದು, ಹರಿದ ಗಾದಿಗೆ ಹಾಕಿದ ತೇಪೆ ಇದ್ದ ಹಾಗೆ. ಆದರೂ ನಿನ್ನ ಅಳತೆಯ ಗಾಯಕ್ಕೆ ಹತ್ತರಲ್ಲಿ ಎಂಟು ಮಂದಿಗೆ ಒಳ್ಳೆಯ ಫಲ ಸಿಗುತ್ತದೆ. ಗಾಯ ದೊಡ್ಡದಿದ್ದರೆ ಮೊಣಕಾಲಿನಿಂದ ಎಲುಬು ಸಮೇತ ಕಾರ್ಟಿಲೇಜಿನ ತುಂಡು ತಂದು ನೆಡುವುದಿದೆ, ಕೋಶ ಬೆಳೆಸಿ ಹಾಕುವುದೂ ಇದೆ. ಅವು ನಿನಗೆ ಈಗ ಬೇಕಿಲ್ಲ. ಆಪರೇಷನ್ ಆದ ಮೇಲೆ ಕೆಲವು ವಾರ ಊರುಗೋಲು, ಓಟಕ್ಕೆ ನಾಲ್ಕರಿಂದ ಆರು ತಿಂಗಳು. ಬೀಡಿ ಸಿಗರೇಟಿದ್ದರೆ ಬಿಡಬೇಕು, ಮಾಯುವುದನ್ನು ಅದು ತಡೆಯುತ್ತದೆ.

ಇನ್ನು ಪಿಆರ್‌ಪಿ. ನಿನ್ನದೇ ರಕ್ತ ತೆಗೆದು ಗಿರಗಿರ ತಿರುಗಿಸಿ ಪ್ಲೇಟ್‌ಲೆಟ್ ಇರುವ ಭಾಗವನ್ನು ಕೀಲಿಗೆ ಚುಚ್ಚುವುದು. ನೆದರ್‌ಲೆಂಡ್ಸ್‌ನಲ್ಲಿ ಹರಡು ಸವೆದ 100 ಮಂದಿಯಲ್ಲಿ ಕೆಲವರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರು ಕೊಟ್ಟು 26 ವಾರ ನೋಡಿದರು. ವ್ಯತ್ಯಾಸ ಕಾಣಲಿಲ್ಲ, 2021ರಲ್ಲಿ ಅದು ಅಚ್ಚಾಯಿತು. ಅವರದು ಇಡೀ ಕೀಲು ಸವೆದದ್ದು, ನಿನ್ನದು ಒಂದು ಚುಕ್ಕೆ, ಎರಡೂ ಒಂದೇ ಅಲ್ಲ ನಿಜ. ಆದರೂ ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ ಅಂತ ನಂಬಿಸಿ ಯಾರಾದರೂ ಮೂರು ಇಂಜೆಕ್ಷನ್ನಿನ ದುಡ್ಡು ಕೇಳಿದರೆ ನಾನಾದರೆ ಕೊಡುವುದಿಲ್ಲ. ಓಟದ ಹಿಂದಿನ ದಿನ ನೋವು ಮರೆಸಲು ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವ ಹುಡುಗರನ್ನೂ ನೋಡಿದ್ದೇನೆ. ಅದಂತೂ ಬೇಡವೇ ಬೇಡ.

ಹೊರಗಿನ ಲಿಗಮೆಂಟ್ ಸಡಿಲವಿದೆಯಾ ಅಂತ ಪರೀಕ್ಷಿಸಲು ಹೇಳು. ಅದು ಸಡಿಲವೇ ಉಳಿದರೆ ಕಾಲು ಮತ್ತೆ ಹೊರಳುತ್ತದೆ, ಒಳಗೆ ಮಾಡಿದ ರಿಪೇರಿ ವ್ಯರ್ಥ. ಡಾಕ್ಟರು ಭಾರ ಹಾಕಲು ಬಿಟ್ಟ ಮೇಲೆ ಬೆಳಿಗ್ಗೆ ಹಲ್ಲುಜ್ಜುವಾಗ ಆ ಒಂದೇ ಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡು, ಒದ್ದೆ ಶಹಾಬಾದಿ ಕಲ್ಲಿನ ಮೇಲೆ ಮಾತ್ರ ಬೇಡ. ಸೊಲ್ಲಾಪುರ, ಹೈದರಾಬಾದ್ ಅಂತ ಓಡುವ ಮುಂಚೆ ಬಿಪಿಎಲ್ ಕಾರ್ಡ್ ತೆಗೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ನಿನ್ನ ಆಪರೇಷನ್ ಅದರ ಪಟ್ಟಿಯಲ್ಲಿದೆಯಾ ಅಂತ ಅಲ್ಲೇ ಕೇಳು.

ಪ್ರಶ್ನೆ: ನಮ್ಮವ್ವನಿಗೆ 58. ಹದಿನೈದು ವರ್ಷದ ಹಿಂದೆ ಬೈಕಿನಿಂದ ಬಿದ್ದು ಹರಡು ಮುರಿದಿತ್ತು. ಈಗ ಕೀಲು ಪೂರ್ತಿ ಸವೆದಿದೆ ಅಂತಾರೆ. ಮೊಣಕಾಲಿನ ಹಾಗೆ ಹರಡನ್ನೂ ಬದಲಿಸುತ್ತಾರಾ?
– ಓದುಗರು, ಬೀದರ್

ಉತ್ತರ: ಬದಲಿಸುತ್ತಾರೆ, ಆದರೆ ಮೊಣಕಾಲಿನಷ್ಟು ಸಲೀಸಲ್ಲ, ಮಾಡುವ ಡಾಕ್ಟರೂ ಕಡಿಮೆ. ಮೊಣಕಾಲು ಹೆಚ್ಚಾಗಿ ವಯಸ್ಸಿಗೆ ಸವೆದರೆ ಹರಡು ಸವೆಯುವುದು ಬಹುಪಾಲು ಹಳೆಯ ಏಟಿನಿಂದಲೇ, ಅವ್ವನ ಕಥೆಯೂ ಅದೇ. ಮೊದಲು ಆಪರೇಷನ್ ಇಲ್ಲದ್ದನ್ನು ಮಾಡಿ ನೋಡಿ: ಅಡಿ ದುಂಡಗೆ ಬಾಗಿದ ಚಪ್ಪಲಿ ಅಥವಾ ಬೂಟು, ಹರಡಿಗೆ ಬ್ರೇಸ್, ನೋವಿರುವ ಕಾಲಿನ ಎದುರು ಕೈಯಲ್ಲಿ ಕೋಲು. ಬಹಳ ಜನ ನೋವಿನ ಕಡೆಯ ಕೈಯಲ್ಲೇ ಹಿಡಿಯುತ್ತಾರೆ, ಅದರಿಂದ ಭಾರ ಅಷ್ಟಾಗಿ ಇಳಿಯುವುದಿಲ್ಲ. ಇದಕ್ಕೂ ಬಗ್ಗದಿದ್ದರೆ ಕೀಲನ್ನು ಸ್ಕ್ರೂ ಹಾಕಿ ಜೋಡಿಸಿಬಿಡುವುದು, ಫ್ಯೂಷನ್ ಅಂತಾರೆ. ಹರಡು ಆಡುವುದಿಲ್ಲ ಅಂದರೆ ಎಲ್ಲರೂ ಗಾಬರಿಯಾಗುತ್ತಾರೆ. ಆದರೆ ಪಾದದ ಉಳಿದ ಕೀಲುಗಳು ಸ್ವಲ್ಪ ಆಡುವುದರಿಂದ ಸಪಾಟು ನೆಲದಲ್ಲಿ ನಡಿಗೆ ಸಾಕಷ್ಟು ಚೆನ್ನಾಗಿರುತ್ತದೆ, ಕುಕ್ಕರಗಾಲಲ್ಲಿ ಕೂರುವುದು ಮಾತ್ರ ಕಷ್ಟ. ಎಲುಬು ಕೂಡಲು ಮೂರು ತಿಂಗಳು ಬೇಕು. ಅವ್ವನಿಗೆ ಶುಗರ್ ಇದ್ದರೆ ಅದನ್ನು ಮೊದಲು ಹತೋಟಿಗೆ ತನ್ನಿ.

ಪ್ರಶ್ನೆ: ದಿನಾ ಪಾಯಾ ಕುಡಿದರೆ ಕಾರ್ಟಿಲೇಜ್ ಬೆಳೆಯುತ್ತದಾ?
– ಓದುಗರು, ಯಾದಗಿರಿ

ಉತ್ತರ: ಬೆಳೆಯುವುದಿಲ್ಲ. ಕುರಿಕಾಲಿನ ಆ ಅಂಟು ಹೊಟ್ಟೆಯಲ್ಲಿ ಬೇರೆ ಪ್ರೋಟೀನಿನ ಹಾಗೇ ಚೂರುಚೂರಾಗಿ ಜೀರ್ಣವಾಗುತ್ತದೆ, ಸೀದಾ ಹರಡಿಗೆ ಹೋಗಿ ಕೂರುವ ದಾರಿ ಅದಕ್ಕೆ ಗೊತ್ತಿಲ್ಲ. ಚಳಿಗಾಲದ ಬೆಳಿಗ್ಗೆ ಬಿಸಿ ರೊಟ್ಟಿ ಮುರಿದು ಹಾಕಿ ರುಚಿಗೆ ಕುಡಿಯಿರಿ, ನಾನೂ ಕುಡಿಯುತ್ತೇನೆ.